ಅತ್ತಿಗೆ ದೂರು ಅಧಿಕಾರಿಯಾದದ್ದು

ಮೈದುನ ಮಟಮಟ ಮಧ್ಯಾಹ್ನ ಔಷಧದಂಗಡಿಗೆ ಬಂದು, ಕೆಮ್ಮಿನ ಸಿರಪ್ಪಿನ ಬಾಟಲಿಗಳನ್ನು ಸುಮ್ಮಸುಮ್ಮನೆ ಸಾಲಾಗಿ ಜೋಡಿಸತೊಡಗಿದಾಗಲೇ ಅತ್ತಿಗೆಗೆ ಗೊತ್ತಾಯಿತು, ಇವನಿಗೆ ಏನೋ ಆಗಬೇಕಾಗಿದೆ ಎಂದು.

"ಏನಪ್ಪಾ, ಏನಾಗ್ಬೇಕು ಹೇಳು. ಬಾಟ್ಲಿ ಬಿಡು ಮೊದ್ಲು."

"ನಿಮ್ಮ ಹೆಸರು ಬೇಕಿತ್ತು ಅತ್ತಿಗೆ."

"ಯಾತಕ್ಕೆ? ಜಾಮೀನಿಗಾ?"

"ಅಯ್ಯೋ, ಅಷ್ಟೆಲ್ಲ ಅಲ್ಲ." ಸ್ವಲ್ಪ ತಡೆದು, "ಹತ್ತಿರ ಹತ್ತಿರ" ಎಂದ.

ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಅವನು ಊರಿನ ಸುದ್ದಿಯ ಆನ್‌ಲೈನ್ ಪುಟ ನಡೆಸುತ್ತಿದ್ದ. ಒಂದು ಕಂಪ್ಯೂಟರು, ಸದ್ದು ಮಾಡುವ ಫ್ಯಾನು, ಔಷಧದ ಖಾಲಿ ಡಬ್ಬಗಳನ್ನೇ ಪೇರಿಸಿ ಮಾಡಿದ ಮೇಜು. ಅವನ ಜೊತೆ ಒಬ್ಬ ಕ್ಯಾಮೆರಾದವನು. ಉದ್ದ ಕಾಲು, ಸಣಕಲು ಮೈ, ಎಲ್ಲರೂ ಟ್ರೈಪಾಡ್ ಎಂದೇ ಕರೆಯುತ್ತಿದ್ದರು. ಈಗ ಹೊಸ ಕಾನೂನು ಬಂದಿತ್ತು. ಇಂಥ ಪುಟಗಳೆಲ್ಲ ನೋಂದಾಯಿಸಿಕೊಳ್ಳಬೇಕು, ಒಬ್ಬ ದೂರು ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಫೋನ್ ನಂಬರನ್ನು ಪುಟದಲ್ಲಿ ಹಾಕಬೇಕು. ಸರ್ಕಾರದ ನಿಗಾ ಕಚೇರಿ ಯಾವುದಾದರೂ ವಿಷಯ ತೆಗೆಯಿರಿ ಎಂದರೆ ತೆಗೆಯುವ ಹೊಣೆ ಆ ಅಧಿಕಾರಿಯದು. ತೆಗೆಯದಿದ್ದರೆ ಕೇಸು ಪುಟದ ಮೇಲಲ್ಲ, ಅವರ ತಲೆಯ ಮೇಲೆ.

ಸಂಪಾದಕನೇ ದೂರು ಅಧಿಕಾರಿಯಾಗುವಂತಿಲ್ಲ. ಟ್ರೈಪಾಡ್ ಲಾಡ್ಜಿನಲ್ಲಿರುವವನು, ಅವನಿಗೆ ವಿಳಾಸವೇ ಇಲ್ಲ. ಅಣ್ಣ, ಅಂದರೆ ಅತ್ತಿಗೆಯ ಗಂಡ, ಸರ್ಕಾರಿ ಶಾಲೆಯ ಗುಮಾಸ್ತ. ಇಂಥದ್ದಕ್ಕೆ ಅವನ ಹೆಸರು ಕೊಟ್ಟರೆ ನೌಕರಿಗೆ ಕುತ್ತು.

ಅತ್ತಿಗೆ ಬೇಡ ಎನ್ನುವವಳೇ ಇದ್ದಳು. ಅಷ್ಟರಲ್ಲಿ ಮಗುವಿಗೆ ಜ್ವರವೆಂದು ಗಿರಾಕಿಯೊಬ್ಬ ಓಡಿ ಬಂದ. ಮಗುವಿನ ತೂಕ ಕೇಳಿ, ಔಷಧ ಎಷ್ಟು ಹಾಕಬೇಕು ಎಂದು ಮುಚ್ಚಳದಲ್ಲಿ ಅಳೆದು ತೋರಿಸಿ ಅವನನ್ನು ಕಳಿಸುವಷ್ಟರಲ್ಲಿ ಮೈದುನ ಅವಳ ಹೆಸರನ್ನು ಟೈಪು ಮಾಡಿ ಮುಗಿಸಿದ್ದ. ಹೀಗೆ ಅತ್ತಿಗೆ ದೂರು ಅಧಿಕಾರಿಯಾದಳು. ಇದರಲ್ಲಿ ಧೈರ್ಯದ ಮಾತು, ತ್ಯಾಗದ ಮಾತು ಏನೂ ಇರಲಿಲ್ಲ.

ಅಪಾಯ ಇದ್ದದ್ದು ಬೇರೆ ಕಡೆ. ಕೌಂಟರಿನ ಹಿಂದೆ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಅವಳ ಔಷಧಿಕಾರಳ ಲೈಸೆನ್ಸ್ ತೂಗುತ್ತಿತ್ತು. ಅದರ ಮೇಲೆ ಅಂಗಡಿ ನಿಂತಿತ್ತು, ಅಂಗಡಿಯ ಮೇಲೆ ಮನೆ. ಕೇಸು ಬಿದ್ದವರ ಲೈಸೆನ್ಸನ್ನು ಔಷಧ ಪರಿಷತ್ತು ಸುಲಭಕ್ಕೆ ನವೀಕರಿಸುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗಂಡ ಇದನ್ನೇ ಹೇಳಿದ.

"ನೀನು ಮಾತ್ರೆ ಮಾರ್ಕೊಂಡು ಸುಮ್ನಿರೋಕೆ ಏನಾಗಿತ್ತು?"

"ನಿಮ್ಮ ತಮ್ಮನ್ನ ಕೇಳ್ರಿ. ನನ್ನ ಹೆಸರು ಟೈಪು ಮಾಡ್ದೋನು ಅವನು."

ಮೈದುನ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಮಾತ್ರ, "ಅಧಿಕಾರಿ ಅಂದ್ರೆ ಕಾರು ಕೊಡ್ತಾರೇನೋ?" ಎಂದು ಕೇಳಿದರು. ಕೊಡುವುದಿಲ್ಲ ಎಂದು ತಿಳಿದ ಮೇಲೆ ಅವರಿಗೆ ಆ ವಿಷಯದಲ್ಲಿ ಆಸಕ್ತಿ ಉಳಿಯಲಿಲ್ಲ.

ಮೊದಮೊದಲು ಬಂದ ದೂರುಗಳು ನಗು ತರಿಸುವಂಥವು. ಒಬ್ಬ ಫೋನ್ ಮಾಡಿ, ಅಪಘಾತದ ಸುದ್ದಿಯ ಫೋಟೋದಲ್ಲಿ ಹಿಂದೆ ನಿಂತಿರುವುದು ತಾನು, ಆ ಹೊತ್ತಿಗೆ ತಾನು ಆಫೀಸಿನಲ್ಲಿ ಇರಬೇಕಾಗಿತ್ತು, ತನ್ನ ಮುಖ ತೆಗೆಯಿರಿ ಎಂದ. ಇನ್ನೊಬ್ಬಾಕೆಗೆ ದೂರು ಅಧಿಕಾರಿಯೆಂದರೆ ಎಲ್ಲ ದೂರಿಗೂ ಅಧಿಕಾರಿ. ಚರಂಡಿ ಕಟ್ಟಿದೆ, ಬಸ್ಸು ನಿಲ್ಲಿಸುವುದಿಲ್ಲ, ಮಗಳು ಫೋನ್ ಮಾಡುವುದಿಲ್ಲ ಎಂದು ದಿನಾ ಹೇಳಿಕೊಳ್ಳುತ್ತಿದ್ದಳು. ಅತ್ತಿಗೆ ಎಲ್ಲರನ್ನೂ ಗಿರಾಕಿಗಳ ಹಾಗೆಯೇ ವಿಚಾರಿಸಿದಳು. ಏನು ತೊಂದರೆ, ಯಾವಾಗಿನಿಂದ, ಮೊದಲು ಯಾರಿಗಾದರೂ ತೋರಿಸಿದ್ದೀರಾ? ಒಮ್ಮೆ ಅಭ್ಯಾಸಬಲದಿಂದ, "ಊಟಕ್ಕೆ ಮುಂಚೆನೋ ಆಮೇಲೋ?" ಎಂದೂ ಕೇಳಿಬಿಟ್ಟಳು. ಆಚೆ ಕಡೆಯವನು ಗಂಭೀರವಾಗಿಯೇ ಉತ್ತರ ಕೊಟ್ಟ.

ಟ್ರೈಪಾಡ್‌ಗೆ ಅವಳು ಅತ್ತಿಗೆಯಾಗಿ ಬಹಳ ಕಾಲವಾಗಿತ್ತು. ಈಗ ದೂರು ಕೊಡುವವರಿಗೂ ಅತ್ತಿಗೆಯಾದಳು.

ಪುಟದಲ್ಲಿ ತಪ್ಪು ಬಂದರೆ ಮೈದುನ ಹಿಂದೆಲ್ಲ ಸದ್ದಿಲ್ಲದೆ ತಿದ್ದಿ ಕೈ ತೊಳೆದುಕೊಳ್ಳುತ್ತಿದ್ದ. ಅತ್ತಿಗೆ ಅದಕ್ಕೆ ಒಪ್ಪಲಿಲ್ಲ. ಔಷಧದ ವ್ಯಾಪಾರದಲ್ಲಿ ಒಂದು ರೀತಿಯಿದೆ. ಯಾವುದೋ ಮಾತ್ರೆಯ ಒಂದು ಬ್ಯಾಚು ಕೆಟ್ಟಿದೆಯೆಂದು ಕಂಪನಿ ವಾಪಸು ತರಿಸಿಕೊಂಡರೆ, ಅಂಗಡಿಯವರು ಅದನ್ನು ಕಪಾಟಿನಿಂದ ತೆಗೆದಿಟ್ಟು ಬಾಯಿ ಮುಚ್ಚಿಕೊಂಡಿರುವಂತಿಲ್ಲ. ಆಗಲೇ ಮನೆಗೆ ಒಯ್ದವರಿದ್ದಾರೆ, ನುಂಗಿದವರಿದ್ದಾರೆ. ಯಾವ ಮಾತ್ರೆ, ಯಾಕೆ ತೆಗೆದದ್ದು, ತೆಗೆದುಕೊಂಡವರು ಏನು ಮಾಡಬೇಕು ಎಂದು ಬರೆದು, ಕೆಳಗೆ ಸಹಿ ಹಾಕಿ, ಗಿರಾಕಿಗಳ ಕಣ್ಣಿಗೆ ಬೀಳುವ ಹಾಗೆ ಗಾಜಿಗೆ ಅಂಟಿಸಬೇಕು. ಕಾಲೇಜಿನಲ್ಲಿ ಕಲಿತದ್ದೆಲ್ಲ ಮರೆತರೂ ಇದನ್ನು ಅವಳು ಮರೆತಿರಲಿಲ್ಲ. ಪುಟಕ್ಕೂ ಅದೇ ರೀತಿ ತಂದಳು. ತಪ್ಪಾದ ವಾಕ್ಯ ತೆಗೆದರೆ ಕೆಳಗೆ ಒಂದು ಸೂಚನೆ: ಇಲ್ಲಿ ಹೀಗೆ ಬರೆದಿದ್ದೆವು, ಈ ಕಾರಣಕ್ಕೆ ತೆಗೆದಿದ್ದೇವೆ. ಓದುಗರಿಗೆ ಇದು ಹಿಡಿಸಿತು. ಸುದ್ದಿಗಿಂತ ಸೂಚನೆಯನ್ನೇ ಮೊದಲು ಓದುವವರೂ ಹುಟ್ಟಿಕೊಂಡರು.

ಆಮೇಲೆ ಬಂತು ಲಿಫ್ಟಿನ ವರದಿ.

ಸರ್ಕಾರಿ ಆಸ್ಪತ್ರೆಯ ದೊಡ್ಡ ಲಿಫ್ಟು ರೋಗಿಯೊಬ್ಬನನ್ನು ಹೊತ್ತುಕೊಂಡು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಬಾಗಿಲನ್ನು ಮೀಟಿ ತೆಗೆದು ಸ್ಟ್ರೆಚರನ್ನು ಓರೆಯಾಗಿ ಎಳೆದುಕೊಳ್ಳಬೇಕಾಯಿತು. ರೋಗಿ ಬದುಕಿಕೊಂಡ. ಲಿಫ್ಟಿನೊಳಗೆ ಕನ್ನಡಿಯ ಪಕ್ಕದಲ್ಲಿ, ಹೋದ ತಿಂಗಳಷ್ಟೇ ಪರೀಕ್ಷಿಸಲಾಗಿದೆ, ಸುಸ್ಥಿತಿಯಲ್ಲಿದೆ ಎಂಬ ಚೀಟಿ ಅಂಟಿಸಿತ್ತು. ಟ್ರೈಪಾಡ್ ಮೆಟ್ಟಿಲು ಹತ್ತಿ ತಾರಸಿಗೆ ಹೋದ. ಮೋಟಾರು ಇರುವ ಕೋಣೆಯ ಬೀಗಕ್ಕೆ ತುಕ್ಕು ಹಿಡಿದಿತ್ತು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಜೇಡ ಸಾವಕಾಶವಾಗಿ ದಪ್ಪ ಬಲೆ ಕಟ್ಟಿಕೊಂಡು ಸಂಸಾರ ಹೂಡಿತ್ತು. ಆ ಬಾಗಿಲನ್ನು ಯಾರೂ ತೆಗೆದದ್ದನ್ನು ತಾನು ನೋಡಿಲ್ಲ ಎಂದು ಆಸ್ಪತ್ರೆಯ ಅಟೆಂಡರ್ ಒಬ್ಬ ಕ್ಯಾಮೆರಾಕ್ಕೇ ಹೇಳಿದ. ಬೀಗ, ಜೇಡ, ಚೀಟಿ, ಅಟೆಂಡರ್. ವರದಿಗೆ ಬೇರೆ ಏನೂ ಬೇಕಾಗಿರಲಿಲ್ಲ. "ಬೀಗ ತೆಗೆಯದೆ ಲಿಫ್ಟ್ ಪರೀಕ್ಷೆ" ಎಂದು ಹೆಸರು ಕೊಟ್ಟು ಮೈದುನ ಹಾಕಿದ.

ಮರುದಿನ ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ, ನೆಲ ಒರೆಸಿ ಕೂರುವಷ್ಟರಲ್ಲಿ ಅತ್ತಿಗೆಯ ಫೋನಿಗೆ ನಿಗಾ ಕಚೇರಿಯ ಆದೇಶ ಬಂತು. ಸದರಿ ವರದಿಯಿಂದ ಸಾರ್ವಜನಿಕರಲ್ಲಿ ಅನಗತ್ಯ ಆತಂಕ ಉಂಟಾಗುತ್ತಿದೆ. ನಾಳೆ ಸಂಜೆಯೊಳಗೆ ಅದನ್ನು ತೆಗೆದು ಪಾಲನಾ ವರದಿ ಸಲ್ಲಿಸುವುದು. ತಪ್ಪಿದಲ್ಲಿ ದೂರು ಅಧಿಕಾರಿಯ ಮೇಲೆ ವೈಯಕ್ತಿಕ ಕ್ರಮ. ಅವಳ ಪೂರ್ತಿ ಹೆಸರು, ತಂದೆಯ ಹೆಸರು, ಮನೆಯ ವಿಳಾಸ ಎಲ್ಲವೂ ಅದರಲ್ಲಿತ್ತು. ಮದುವೆಯ ಆಮಂತ್ರಣಕ್ಕೂ ಯಾರೂ ಅಷ್ಟು ಅಚ್ಚುಕಟ್ಟಾಗಿ ವಿಳಾಸ ಬರೆದಿರಲಿಲ್ಲ.

ಅವಳು ಅದನ್ನು ಮೈದುನನಿಗೆ ಕಳಿಸಿದಳು. ಅವನು ಪರಿಚಯದ ವಕೀಲರಿಗೆ ಫೋನ್ ಮಾಡಿ ಮುಗಿಸಿದ ಮೇಲೆ ಕೆಳಗೆ ಕರೆದಳು.

"ಬರ್ದಿದ್ದು ನಿಜಾನಾ?"

"ನಿಜ ಅತ್ತಿಗೆ. ಜೇಡನ್ನ ನಾನು ತಂದು ಬಿಟ್ಟಿಲ್ಲ."

"ತಮಾಷೆ ಬೇಡ. ವಕೀಲರು ಏನಂದ್ರು?"

"ಮೊದ್ಲು ತೆಗೀರಿ, ಆಮೇಲೆ ಕೋರ್ಟಿಗೆ ಹೋಗೋಣ ಅಂದ್ರು. ತೆಗೀದೆ ಹೋದ್ರೆ ಕೋರ್ಟು ನಮ್ಮ ಮಾತೇ ಕೇಳಲ್ವಂತೆ." ಅವನು ಕೌಂಟರಿನ ಗಾಜನ್ನು ಉಗುರಿನಿಂದ ಕೆರೆಯುತ್ತ ನಿಂತ. "ನೀವು ಬಿಟ್ಬಿಡಿ ಅತ್ತಿಗೆ. ರಾಜೀನಾಮೆ ಕೊಡಿ."

"ಈಗ ಕೊಟ್ರೆ? ಆದೇಶ ಬಂದಿರೋದು ನನ್ನ ಹೆಸರಿಗೆ."

ಅವನು ಗಾಜು ಕೆರೆಯುವುದನ್ನು ಬಿಟ್ಟ. ಮೇಲೆ ಹೋದ. ಫ್ಯಾನಿನ ಸದ್ದು ಕೆಳಗೆ ಕೇಳಿಸತೊಡಗಿತು.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಅತ್ತಿಗೆ ವರದಿಯನ್ನು ತೆಗೆದಳು. ಕಂಪನಿ ವಾಪಸು ಕೇಳಿದ ಮೇಲೆ ಮಾತ್ರೆಯನ್ನು ಕಪಾಟಿನಲ್ಲಿ ಇಟ್ಟುಕೊಳ್ಳಲಾಗುತ್ತದೆಯೇ? ಒಂದು ಗುಂಡಿ ಒತ್ತಿದಳು. ಜೇಡ, ಬೀಗ ಎಲ್ಲ ಹೋಗಿ, ಪುಟ ಲಭ್ಯವಿಲ್ಲ ಎಂಬ ಸಾಲು ಬಂತು.

ಆ ಸಾಲು ಅವಳಿಗೆ ಸರಿಬರಲಿಲ್ಲ. ಲಭ್ಯವಿಲ್ಲ ಎಂದರೆ? ಮುಗಿದಿದೆಯೋ, ನಾಳೆ ಬರುತ್ತದೆಯೋ, ಕೆಟ್ಟಿದೆಯೋ? ನಿನ್ನೆ ಓದಿದವರು ಏನು ತಿಳಿದುಕೊಳ್ಳಬೇಕು? ಕೆಲಸ ಅರ್ಧಕ್ಕೆ ನಿಂತಿದೆ ಎಂದುಕೊಂಡು, ಗಾಜಿಗೆ ಅಂಟಿಸುವ ಕಾಗದಕ್ಕೆ ಬರೆಯುವ ಹಾಗೆಯೇ ಬರೆಯಲು ಕೂತಳು.

*ಹಿಂಪಡೆದ ವರದಿಯ ಬಗ್ಗೆ ಸೂಚನೆ. ವರದಿಯ ಹೆಸರು: ಬೀಗ ತೆಗೆಯದೆ ಲಿಫ್ಟ್ ಪರೀಕ್ಷೆ. ಅದರಲ್ಲಿ ಇದ್ದದ್ದು: ಸರ್ಕಾರಿ ಆಸ್ಪತ್ರೆಯ ದೊಡ್ಡ ಲಿಫ್ಟನ್ನು ಹೋದ ತಿಂಗಳು ಪರೀಕ್ಷಿಸಲಾಗಿದೆ ಎಂಬ ಚೀಟಿ ಲಿಫ್ಟಿನೊಳಗೆ ಇದೆ, ಆದರೆ ಮೋಟಾರು ಕೋಣೆಯ ಬೀಗಕ್ಕೆ ತುಕ್ಕು ಹಿಡಿದಿದೆ, ಬಾಗಿಲಿಗೆ ಜೇಡ ಬಲೆ ಕಟ್ಟಿದೆ ಎಂಬ ವಿಷಯ. ಹಿಂಪಡೆಯಲು ಕಾರಣ: ನಿಗಾ ಕಚೇರಿಯ ಆದೇಶ. ವರದಿಯಿಂದ ಅನಗತ್ಯ ಆತಂಕ ಉಂಟಾಗುತ್ತದೆ ಎಂದು ಆದೇಶದಲ್ಲಿದೆ. ವರದಿ ತಪ್ಪು ಎಂದು ಆದೇಶದಲ್ಲಿ ಇಲ್ಲ. ಈಗಾಗಲೇ ಓದಿದವರು ಮಾಡಬೇಕಾದದ್ದು: ಲಿಫ್ಟಿನ ಬಗ್ಗೆ ಸಂದೇಹವಿದ್ದರೆ ಆಸ್ಪತ್ರೆಯ ಕಚೇರಿಯಲ್ಲಿ ವಿಚಾರಿಸುವುದು. ಗಾಬರಿಯಾಗುವ ಅಗತ್ಯವಿಲ್ಲ.*

ಕೆಳಗೆ ತನ್ನ ಹೆಸರು ಹಾಕಿದಳು. ಪುಟಕ್ಕೆ ಏರಿಸಿದಳು. ಒಂದು ಪ್ರತಿ ತೆಗೆದು ಅಂಗಡಿಯ ಗಾಜಿಗೂ ಅಂಟಿಸಿದಳು. ಆಮೇಲೆ ನಿಗಾ ಕಚೇರಿಗೆ ಪಾಲನಾ ವರದಿ ಬರೆದು, ಆದೇಶದಂತೆ ನಡೆದುಕೊಂಡದ್ದಕ್ಕೆ ಸಾಕ್ಷಿಯಾಗಿ ಆ ಸೂಚನೆಯನ್ನೇ ಲಗತ್ತಿಸಿ ಕಳಿಸಿದಳು. ಆದೇಶ ಪಾಲಿಸಿದ್ದಾಯಿತು, ಲೈಸೆನ್ಸೂ ಉಳಿಯಿತು ಎಂದುಕೊಂಡು ನಿರಾಳವಾಗಿ ಟೀ ತರಿಸಿಕೊಂಡಳು.

ಸಂಜೆ ಮೈದುನ ಇಳಿದು ಬಂದವನು ಗಾಜಿನ ಮೇಲಿನ ಕಾಗದ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಟ್ರೈಪಾಡ್ ನಕ್ಕು ನಕ್ಕು ತೂಕ ನೋಡುವ ಯಂತ್ರದ ಮೇಲೆಯೇ ಕೂತುಬಿಟ್ಟ. ನಗು ಇಳಿದ ಮೇಲೆ ಮೈದುನನ ಮುಖದ ಬಣ್ಣವೂ ಇಳಿಯಿತು.

"ಅತ್ತಿಗೆ, ಇದನ್ನ ನಿಗಾ ಕಚೇರಿಗೂ ಕಳ್ಸಿದ್ರಾ?"

"ಕಳಿಸ್ದೆ ಇರೋಕಾಗತ್ತಾ? ವರದಿ ಕೇಳಿದ್ರಲ್ಲ."

"ಯಾರು ಮಾಡ್ತಾರೆ ಇಂಥ ಕೆಲ್ಸಾನ!"

"ಯಾಕೆ? ಏನು ಬಿಟ್ಟೋಗಿದೆ ಅದ್ರಲ್ಲಿ?"

ಏನೂ ಬಿಟ್ಟುಹೋಗಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ವರದಿಯನ್ನು ಓದದವರೂ ಸೂಚನೆಯನ್ನು ಓದಿದರು. ಒಬ್ಬರಿಗೊಬ್ಬರು ಕಳಿಸಿಕೊಂಡರು. ವಿಚಾರಿಸುವುದು ಎಂದು ಬರೆದಿತ್ತಲ್ಲ, ಜನ ಆಸ್ಪತ್ರೆಯ ಕಚೇರಿಗೆ ಹೋಗಿ ವಿಚಾರಿಸತೊಡಗಿದರು. ಕಚೇರಿಯವರು ಬೇಸತ್ತು ಬಾಗಿಲು ಹಾಕಿಕೊಂಡರಂತೆ.

ನಿಗಾ ಕಚೇರಿಯಿಂದ ಕರೆ ಬಂತು.

ಹಳೆಯ ಕಟ್ಟಡದ ಕೊನೆಯ ಕೋಣೆ. ಕಪ್ಪು ಪರದೆ, ಸಾಲು ಕಂಪ್ಯೂಟರುಗಳು, ಅವುಗಳ ಮುಂದೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನ ಮಾತನ್ನೆಲ್ಲ ಕೇಳುತ್ತಿದ್ದ ಹುಡುಗಿಯರು, ಗುಮಾಸ್ತರು. ಅಧಿಕಾರಿ ನಡುವಯಸ್ಸಿನವರು, ಮೃದು ಮಾತಿನವರು. ಎದ್ದು ನಿಂತು ಕುರ್ಚಿ ತೋರಿಸಿದರು. ಕುರ್ಚಿಗೆ ಒಂದು ಕೈ ಇರಲಿಲ್ಲ.

"ನಿಮ್ದು ಮೆಡಿಕಲ್ ಶಾಪ್ ಅಂತೆ. ಸುದ್ದಿಗೂ ನಿಮಗೂ ಏನು ಸಂಬಂಧ ಮೇಡಂ?"

"ಸುದ್ದಿಗಿಲ್ಲ ಸಾರ್. ದೂರಿಗೆ."

"ಸರಿ. ನಾವು ನಿಮಗೆ ಏನು ಹೇಳಿದ್ವಿ? ತೆಗೀರಿ ಅಂದ್ವಿ."

"ತೆಗ್ದಿದ್ದೀನಲ್ಲ ಸಾರ್."

ಅವರು ಸೂಚನೆಯ ಪ್ರತಿಯನ್ನು ಮೇಜಿನ ಮೇಲೆ ಅವಳ ಕಡೆಗೆ ತಿರುಗಿಸಿಟ್ಟರು. "ಮತ್ತೆ ಇದೇನು?"

"ತೆಗೆದಿದ್ದಕ್ಕೆ ಸೂಚನೆ."

"ಈ ಸೂಚನೇಲಿ ಇಡೀ ವರದಿನೇ ಇದೆಯಲ್ರೀ!"

"ಇಡೀ ವರದಿ ಇಲ್ಲ ಸಾರ್. ವಿಡಿಯೋ ಇಲ್ಲ, ಅಟೆಂಡರ್ ಮಾತಾಡಿದ್ದಿಲ್ಲ. ಏನು ತೆಗ್ದಿದೀವಿ ಅನ್ನೋದಷ್ಟೇ ಇದೆ. ಅದೂ ಹೇಳ್ದಿದ್ರೆ ಏನು ತೆಗ್ದಿದಾರೆ ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು?"

"ಗೊತ್ತಾಗಬಾರ್ದು ಅಂತಾನೇ ತೆಗೆಸೋದು."

ಪಕ್ಕದ ಮೇಜಿನ ಗುಮಾಸ್ತ ಕೆಮ್ಮಿದ. ಅಧಿಕಾರಿಗೆ ತಾವು ಆಡಿದ್ದು ಈಗ ಕೇಳಿಸಿದಂತಾಯಿತು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮೇಡಂ, ತೆಗೆಯೋದು ಅಂದ್ರೆ ಅದು ಇರ್ಲೇ ಇಲ್ಲ ಅನ್ನೋ ಹಾಗೆ ಇರ್ಬೇಕು."

"ಹಾಗಾದ್ರೆ ಓದ್ದೋರಿಗೆ?"

"ಓದ್ದೋರು ಮರೀತಾರೆ. ನಾವು ಎಷ್ಟು ನೋಡಿಲ್ಲ." ಅವರು ನಿಟ್ಟುಸಿರು ಬಿಟ್ಟರು. "ಒಂದು ಮಾತು ಕೇಳ್ತೀನಿ. ಈ ಸೂಚನೇನೂ ತೆಗೀರಿ ಅಂದ್ರೆ, ಅದನ್ನ ತೆಗ್ದಿದೀವಿ ಅಂತ ಇನ್ನೊಂದು ಸೂಚನೆ ಹಾಕ್ತೀರಾ?"

ಅತ್ತಿಗೆ ಪ್ರಾಮಾಣಿಕವಾಗಿ ಯೋಚಿಸಿದಳು. "ಹಾಕ್ಬೇಕಾಗತ್ತೆ ಸಾರ್."

ಗುಮಾಸ್ತ ಎದ್ದು ಹೊರಗೆ ಹೋದ. ಅವನ ನಗು ಪಡಸಾಲೆಯ ಆ ತುದಿಯಿಂದ ಕೇಳಿಸಿತು. ಅಧಿಕಾರಿ ನಗಲಿಲ್ಲ. ಡ್ರಾಯರಿನಿಂದ ಒಂದು ಮುಚ್ಚಳಿಕೆ ಪತ್ರ ತೆಗೆದು ಕೊಟ್ಟರು. ಸೂಚನೆಯನ್ನು ತೆಗೆಯುತ್ತೇನೆ, ಇನ್ನು ಮುಂದೆ ತೆಗೆದ ಯಾವ ವಿಷಯದ ಬಗ್ಗೆಯೂ, ತೆಗೆಸಿದವರ ಬಗ್ಗೆಯೂ ಯಾರಿಗೂ ಯಾವ ರೀತಿಯಲ್ಲೂ ತಿಳಿಸುವುದಿಲ್ಲ. ಕೆಳಗೆ ಸಹಿಗೆ ಗೆರೆ.

"ನಾಳೆ ಸಂಜೆಯೊಳಗೆ ಸಹಿ ಮಾಡಿ ತಂದ್ಕೊಡಿ. ಇಲ್ಲಿಗೇ ಮುಗಿಸ್ಬಿಡ್ತೀನಿ. ಇಲ್ಲಾಂದ್ರೆ ಫೈಲು ಔಷಧ ಪರಿಷತ್ತಿಗೆ ಹೋಗತ್ತೆ, ನನ್ನ ಕೈಲಿರಲ್ಲ. ನಿಮ್ಮ ಲೈಸೆನ್ಸ್ ನವೀಕರಣ ಈ ತಿಂಗ್ಳೇ ಅಲ್ವಾ?"

ಹೌದು, ಈ ತಿಂಗಳೇ. ಅದನ್ನು ಅವಳು ಹೇಳಿರಲಿಲ್ಲ. ಅಧಿಕಾರಿ ಬಾಗಿಲವರೆಗೂ ಬಂದು ಕಳಿಸಿಕೊಟ್ಟರು.

ಆವತ್ತಿನವರೆಗೆ ಮಾಡಿದ್ದು ತಿಳಿಯದೆ ಮಾಡಿದ್ದು. ಇನ್ನು ಮೇಲೆ ಹಾಗೆ ಹೇಳಿಕೊಳ್ಳುವಂತಿರಲಿಲ್ಲ.

ಮನೆಯಲ್ಲಿ ಗಂಡ ಮುಚ್ಚಳಿಕೆಯನ್ನು ಒಮ್ಮೆ ಓದಿ, ಪೆನ್ನಿನ ಕ್ಯಾಪು ತೆಗೆದು ಅವಳ ಮುಂದೆ ಇಟ್ಟ.

"ಹಾಕು."

"ಸ್ವಲ್ಪ ತಾಳ್ರಿ."

"ಏನು ತಾಳೋದು? ಆ ಲಿಫ್ಟು ನಮ್ಮಪ್ಪಂದಾ? ನೀನು ದಿನಾ ಹತ್ತಿ ಇಳೀತಿದೀಯಾ? ಅಂಗಡಿ ಮುಚ್ಚಿದ್ರೆ ಇವ್ನು ನಡೆಸ್ತಾನಾ ಮನೇನ, ಜೇಡದ ಫೋಟೋ ತೋರಿಸ್ಕೊಂಡು?"

ಗಂಡ ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಮನೆಯ ಬಾಡಿಗೆ ಹೋಗುತ್ತಿದ್ದುದು ಅಂಗಡಿಯಿಂದಲೇ. ಅತ್ತಿಗೆ ಪೆನ್ನಿನ ಕ್ಯಾಪು ಹಾಕಿ, ಪೆನ್ನನ್ನೂ ಪತ್ರವನ್ನೂ ಕೈಚೀಲಕ್ಕೆ ಸೇರಿಸಿದಳು. "ನಾಳೆ ಅತ್ತೆಗೆ ಕಣ್ಣಿನ ಡಾಕ್ಟ್ರ ಹತ್ರ ಹೋಗೋದಿದೆ. ಬರ್ತಾ ಕೊಟ್ಟು ಬರ್ತೀನಿ" ಎಂದಳು. ಕೊಡುವ ಮನಸ್ಸೇ ಇತ್ತು.

ಕಣ್ಣಿನ ವಿಭಾಗ ಅದೇ ಸರ್ಕಾರಿ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಲಿಫ್ಟಿನ ಬಾಗಿಲು ತೆರೆದೇ ಇತ್ತು. ಒಳಗೆ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಹತ್ತುವವರು ಒಬ್ಬರೂ ಇಲ್ಲ. ಲಿಫ್ಟಿನವನು ಸ್ಟೂಲಿನ ಮೇಲೆ ಕೂತು, ಗಿರಾಕಿ ಇಲ್ಲದ ಕ್ಷೌರಿಕನ ಹಾಗೆ ಬರುವವರ ಮುಖ ನೋಡುತ್ತಿದ್ದ. ಜನವೆಲ್ಲ ಪಕ್ಕದ ಇಳಿಜಾರಿನ ದಾರಿಯಲ್ಲಿ ಸಾಲುಗಟ್ಟಿ ಏರುತ್ತಿದ್ದರು.

ಅತ್ತೆ ಮೊದಲ ತಿರುವಿನಲ್ಲೇ ಕಂಬಿ ಹಿಡಿದುಕೊಂಡು ನಿಂತರು. "ನೀನೇನೋ ಬರ್ದೆ. ಸವೀತಿರೋದು ನನ್ನ ಮಂಡಿ."

"ಹಾಗಾದ್ರೆ ಲಿಫ್ಟಲ್ಲೇ ಹೋಗೋಣ ಬನ್ನಿ ಅತ್ತೆ."

"ಅದ್ರಲ್ಲಾ? ನನಗೇನು ತಲೆ ಕೆಟ್ಟಿದೆಯಾ?"

ಹಿಂದಿನಿಂದ ಒಂದು ಸ್ಟ್ರೆಚರ್ ಬಂತು. ಮುಸುಕು ಹೊದ್ದ ಮುದುಕಿ, ಮುಂದೆ ಎಳೆಯಲು ಮಗ, ಹಿಂದೆ ನೂಕಲು ಅಳಿಯ, ಪಕ್ಕದಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದ ಮಗಳು. ತಿರುವಿನಲ್ಲಿ ಅವರೂ ಉಸಿರಿಗೆ ನಿಂತರು. ಅಳಿಯ ಬೆವರು ಒರೆಸಿಕೊಳ್ಳುತ್ತ ಗೊಣಗಿದ. "ಸುಮ್ನೆ ಲಿಫ್ಟಲ್ಲಿ ಹೋಗಿದ್ರೆ ಆಗ್ತಿತ್ತು. ಆಫೀಸಲ್ಲಿ ಸರಿ ಇದೆ ಅಂದ್ರಲ್ಲ."

"ಸರಿ ಇದೆ ಅಂದ್ರು," ಮಗ ಹೇಳಿದ, "ನೀವು ಅದ್ರಲ್ಲೇ ಹೋಗ್ತೀರಾ ಸಾರ್ ಅಂತ ಕೇಳ್ದೆ. ನಮಗೆ ಮೆಟ್ಲೇ ಅಭ್ಯಾಸ ಅಂದ್ರು."

ಮಗಳು ಬಾಟಲಿ ಹಿಡಿದ ಕೈ ಬದಲಾಯಿಸಿದಳು. "ಆ ಸೂಚನೇಲಿ ವಿಚಾರಿಸಿ ಅಂತ ಇಲ್ದೇ ಇದ್ರೆ ನಾವು ಕೇಳ್ತಾನೂ ಇರ್ಲಿಲ್ಲ ಬಿಡು. ನೂಕ್ರಿ ನೀವು."

ಸ್ಟ್ರೆಚರ್ ಕಿರುಗುಟ್ಟುತ್ತ ಮುಂದೆ ಹೋಯಿತು. ಅತ್ತೆ ಬಾಯಿ ತೆರೆದರು. ಇವಳೇ ಬರೆದದ್ದು ಎಂದು ಹೇಳಿಬಿಡುತ್ತಾರೆಂದು ಅತ್ತಿಗೆ ಅವರ ಮೊಣಕೈ ಹಿಡಿದು, "ನಡೀರಿ ಅತ್ತೆ, ಟೋಕನ್ ದಾಟಿಹೋಗತ್ತೆ" ಎಂದಳು.

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕೈಚೀಲ ತೆರೆದು ಪತ್ರವನ್ನು ಇನ್ನೊಮ್ಮೆ ಓದಿದಳು. ಯಾರಿಗೂ ಯಾವ ರೀತಿಯಲ್ಲೂ ತಿಳಿಸುವುದಿಲ್ಲ. ಇದೇ ಸಹಿಯನ್ನು ಅವಳು ದಿನಾ ಔಷಧದ ಬಿಲ್ಲಿಗೆ ಹಾಕುತ್ತಿದ್ದಳು. ಆ ಸಹಿ ನೋಡಿ ಜನ ಮಾತ್ರೆ ನುಂಗುತ್ತಿದ್ದರು. ಇಲ್ಲಿ ಮುಚ್ಚಿಡುತ್ತೇನೆ ಎಂದೂ, ಅಲ್ಲಿ ಮುಚ್ಚಿಡುವುದಿಲ್ಲ ಎಂದೂ ಒಂದೇ ಸಹಿ ಹಾಕುವುದು ಅವಳ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಆಗುತ್ತದೆಯೇನೋ ಎಂದು ಪ್ರಯತ್ನವನ್ನೂ ಮಾಡಿದಳು. ಪೆನ್ನು ತೆಗೆದು ಮೊಣಕಾಲ ಮೇಲೆ ಪತ್ರ ಇಟ್ಟುಕೊಂಡು ಎರಡು ಸ್ಟಾಪಿನ ತನಕ ಕೂತಿದ್ದಳು.

ನಿಗಾ ಕಚೇರಿಯ ಸ್ಟಾಪು ಬಂತು. ಕಣ್ಣಿಗೆ ಹನಿ ಹಾಕಿಸಿಕೊಂಡು ಎಲ್ಲವೂ ಮಸುಕಾಗಿ ಕಾಣುತ್ತಿದ್ದ ಅತ್ತೆ, "ಇಲ್ಲಿ ಇಳೀಬೇಕಲ್ವೇನೇ?" ಎಂದರು.

"ಇಲ್ಲ ಅತ್ತೆ. ಮನೆಗೇ ಹೋಗೋಣ."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಿನ್ನ ಗಂಡ ಕೂಗಾಡ್ತಾನೆ" ಎಂದರು.

"ಕೂಗಾಡ್ಲಿ ಬಿಡಿ."

ಗಂಡ ಕೂಗಾಡಲಿಲ್ಲ. ಮಾತು ಬಿಟ್ಟ. ಅದು ಇನ್ನೂ ಕಷ್ಟವಾಗಿತ್ತು. ನವೀಕರಣದ ಅರ್ಜಿ ಪರಿಷತ್ತಿನಲ್ಲಿ "ಪರಿಶೀಲನೆಯಲ್ಲಿದೆ" ಎಂದು ನಿಂತುಬಿಟ್ಟಿತು. ತಿಂಗಳು ಮುಗಿದ ದಿನ ಲೈಸೆನ್ಸಿನ ಅವಧಿಯೂ ಮುಗಿಯಿತು. ಆ ಬೆಳಿಗ್ಗೆ ಗಂಡ ಶಾಲೆಗೆ ಹೋಗುವ ಮುಂಚೆ ಅಂಗಡಿಗೆ ಬಂದು, ಮಾತ್ರೆಯ ಕಪಾಟುಗಳಿಗೆಲ್ಲ ಹಳೆಯ ಬೆಡ್‌ಶೀಟು ಇಳಿಬಿಟ್ಟು ಮೊಳೆ ಹೊಡೆದ. ಕೊನೆಯ ಮೊಳೆ ಹೊಡೆದ ಮೇಲೆ, ಹದಿನೈದು ದಿನಗಳಲ್ಲಿ ಮೊದಲ ಸಲ, ಬಾಯಿ ಬಿಟ್ಟು, "ಸೋಪು, ಪೇಸ್ಟು ಮಾರೋಕೆ ಲೈಸೆನ್ಸ್ ಬೇಡ" ಎಂದ. ಸಮಾಧಾನಕ್ಕೆ ಹೇಳಿದನೋ ಚುಚ್ಚಲು ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಸೋಪು, ಪೇಸ್ಟು, ಹತ್ತಿ, ಮಕ್ಕಳ ಡೈಪರು. ಚೀಟಿ ಹಿಡಿದುಕೊಂಡು ಬಂದವರನ್ನು ಅವಳು ಎದುರಿನ ಅಂಗಡಿಗೆ ಕಳಿಸುತ್ತಿದ್ದಳು. ಆಸ್ಪತ್ರೆಯ ಲಿಫ್ಟಿಗೆ ಬೀಗ ಬಿತ್ತು. ತಾಂತ್ರಿಕ ಕಾರಣ ಎಂದು ಬೋರ್ಡು ಹಾಕಿದರು. ಯಾರು ಯಾವಾಗ ಸರಿಪಡಿಸುತ್ತಾರೆ ಎಂದು ಅದರಲ್ಲಿ ಇರಲಿಲ್ಲ. ವಕೀಲರು ಆದೇಶದ ವಿರುದ್ಧ ಕೋರ್ಟಿಗೆ ಅರ್ಜಿ ಹಾಕಿದ್ದರು. ಮುಂದಿನ ತಾರೀಕು ಬರಬೇಕಾಗಿತ್ತು.

ಒಂದು ಸಂಜೆ ಮೈದುನ ಬಂದ. ಈ ಸಲ ಬಾಟಲಿ ಜೋಡಿಸಲಿಲ್ಲ, ಜೋಡಿಸಲು ಬಾಟಲಿಯೂ ಇರಲಿಲ್ಲ.

"ಪರಿಷತ್ತಿನ ಗುಮಾಸ್ತ ಸಿಕ್ಕಿದ್ದ ಅತ್ತಿಗೆ. ನಿಮ್ಮ ಹೆಸರು ಪುಟದಲ್ಲಿ ಇರೋ ತನಕ ಫೈಲು ಅಲ್ಲಾಡಲ್ಲ ಅಂದ. ನಿಮ್ಮ ಹೆಸರು ತೆಗ್ದುಬಿಡ್ತೀನಿ."

"ತೆಗ್ದು ಯಾರನ್ನ ಹಾಕ್ತೀಯಾ?"

"ಯಾರೂ ಸಿಕ್ತಿಲ್ಲ. ಕೇಳಿದೋರೆಲ್ಲ ಕಾಲು ಕಿತ್ರು. ಅಧಿಕಾರಿ ಇಲ್ದಿದ್ರೆ ಪುಟ ಮುಚ್ಬೇಕು. ಮುಚ್ತೀನಿ ಅತ್ತಿಗೆ, ಸಾಕು."

ಅತ್ತೆ ಕೌಂಟರಿನ ಒಳಗೆ ಕುರ್ಚಿಯಲ್ಲಿ ಕೂತು ಹತ್ತಿಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಪೊಟ್ಟಣ ಕಟ್ಟುತ್ತಿದ್ದರು. ಅಂಗಡಿಯಲ್ಲಿ ಜನ ಕಡಿಮೆಯಾದ ಮೇಲೆ ಮಧ್ಯಾಹ್ನವೇ ಬಂದು ಸಂಜೆಯವರೆಗೆ ಇಲ್ಲೇ ಕೂರುವುದು ಅವರ ರೂಢಿಯಾಗಿತ್ತು. ತಲೆ ಎತ್ತದೆ ಹೇಳಿದರು: "ನನ್ನ ಹೆಸರು ಹಾಕು."

"ಸುಮ್ನಿರಮ್ಮ."

"ಯಾಕೋ? ನಿನ್ನ ಅಣ್ಣನಿಗೆ ನೌಕರಿ ಇದೆ, ಇವ್ಳಿಗೆ ಲೈಸೆನ್ಸ್ ಇದೆ, ಹೆದರಿಸ್ತಾರೆ. ನನ್ನ ಹತ್ರ ಏನಿದೆ ಕಿತ್ಕೊಳ್ಳೋಕೆ? ಮಂಡಿ ನೋವಾ? ತಗೊಂಡೋಗ್ಲಿ."

"ಕೇಸ್ ಹಾಕ್ತಾರಮ್ಮ. ಕೋರ್ಟಿಗೆ ಕರೀತಾರೆ."

"ಕರೀಲಿ. ನನ್ನನ್ನ ಈಗ ಎಲ್ಲಿಗೂ ಕರೆಯೋರೇ ಇಲ್ಲ."

ಮೈದುನ ಅತ್ತಿಗೆಯ ಮುಖ ನೋಡಿದ. ಅವಳು ಅತ್ತೆಯನ್ನು ನೋಡುತ್ತಿದ್ದಳು. ಈ ಮನೆಗೆ ಬಂದಾಗಿನಿಂದ ಅತ್ತೆಯ ಯಾವ ಮಾತನ್ನೂ ಅವಳು ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

"ಅತ್ತೆ, ನನ್ನ ಸೂಚನೆ ಪುಟದಲ್ಲಿ ಹಾಗೇ ಇರತ್ತೆ. ನನ್ನ ಸಹಿನೂ ಇರತ್ತೆ. ಅದನ್ನ ತೆಗೀರಿ ಅಂತ ನಿಮಗೆ ಹೇಳ್ತಾರೆ."

"ಹೇಳ್ಲಿ. ನನಗೆ ಹಾಕೋಕೂ ಬರಲ್ಲ, ತೆಗೆಯೋಕೂ ಬರಲ್ಲ." ಅತ್ತೆ ಪೊಟ್ಟಣದ ಬಾಯಿ ಕಟ್ಟಿದರು. "ಬರೀ ದೂರು ಕೇಳೋದು ತಾನೆ? ಇಷ್ಟು ವರ್ಷ ಇನ್ನೇನು ಮಾಡಿದೀನಿ ನಾನು ಈ ಮನೇಲಿ?"

ಹೆಸರು ಬದಲಾದ ಎರಡನೇ ದಿನ ಫೋನ್ ಬಂತು. ಸೋಪು ಕೊಳ್ಳಲು ಬಂದ ಮೂರ್ನಾಲ್ಕು ಹೆಂಗಸರು ಕೌಂಟರಿಗೆ ಒರಗಿ ನಿಂತಿದ್ದರು. ಪರದೆಯ ಮೇಲಿನ ನಂಬರು ಅತ್ತಿಗೆಗೆ ಬಾಯಿಪಾಠವಾಗಿತ್ತು. ಅವಳು ಫೋನನ್ನು ಅತ್ತೆಯ ಕೈಗೆ ಕೊಟ್ಟಳು.

ಅತ್ತೆ ಅದನ್ನು ಕಿವಿಗೆ ಹಿಡಿದು ನೆಟ್ಟಗೆ ಕೂತರು.

"ಯಾರು? ನಿಗಾ ಕಚೇರಿನಾ? ಹೌದಪ್ಪಾ, ನಾನೇ ಅಧಿಕಾರಿ. ಏನು ತೆಗೀಬೇಕು ಅಂದೆ? ಏನೂ ಕೇಳಿಸ್ತಿಲ್ಲ, ಅಂಗಡೀಲಿ ಜನ ಇದಾರೆ. ಸ್ವಲ್ಪ ತಾಳು, ಸ್ಪೀಕರಿಗೆ ಹಾಕ್ತೀನಿ. ಹಾಂ, ಈಗ ಜೋರಾಗಿ ಹೇಳು."